ಫೋನ್ ಫಾರ್ಮ್ಯಾಟ್ ಮಾಡುವ ಮೊದಲು: ಆ್ಯಪ್‌ಗಳ ನೋಂದಣಿ ಉಳಿಸಿಕೊಳ್ಳುವ ಬಗೆ

“ಫೋನು ತುಂಬಾ ನಿಧಾನ ಆಗಿದೆ, ಫಾರ್ಮ್ಯಾಟ್ ಮಾಡಿಸಿದರೆ ಗೂಗಲ್ ಪೇ ಹೋಗುತ್ತದಾ?” “ವಾಟ್ಸಾಪ್ ಪುನಃ ಬರುತ್ತದಾ?” “ದುಡ್ಡು ಕೊಟ್ಟು ತೆಗೆದುಕೊಂಡ ಆ್ಯಪ್‌ಗೆ ಮತ್ತೊಮ್ಮೆ ದುಡ್ಡು ಕೊಡಬೇಕಾ?” ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಓದುಗರಿಂದ ಈ ಮೂರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಾವು ಫಾರ್ಮ್ಯಾಟ್ ಅನ್ನುವುದಕ್ಕೆ ಫೋನಿನಲ್ಲಿ ‘ಫ್ಯಾಕ್ಟರಿ ರೀಸೆಟ್’ ಎಂಬ ಹೆಸರಿರುತ್ತದೆ. ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ‘ಸಾಫ್ಟ್‌ವೇರ್ ಹಾಕುವುದು’ ಅಥವಾ ‘ಫ್ಲ್ಯಾಶ್ ಮಾಡುವುದು’ ಇನ್ನೊಂದು ಬಗೆ. ಎರಡರಲ್ಲೂ ಫೋನು ಪೆಟ್ಟಿಗೆಯಿಂದ ತೆಗೆದ ದಿನದ ಹಾಗೆ ಖಾಲಿ ಆಗುತ್ತದೆ.

ಫೋಟೋ ಉಳಿಸುವುದು ಹೇಗೆ ಅಂತ ನಾನಿಲ್ಲಿ ಹೇಳುವುದಿಲ್ಲ. ಅದು ಹೆಚ್ಚಿನವರಿಗೆ ಗೊತ್ತಿದೆ, ಕಾಪಿ ಮಾಡಿದರೆ ಮುಗಿಯಿತು. ನೋಂದಣಿ ಹಾಗಲ್ಲ. ‘ಈ ಆ್ಯಪ್ ಬಳಸಲು ಇಂಥವರಿಗೆ ಹಕ್ಕಿದೆ’ ಅಂತ ಕಂಪನಿಯೋ ಬ್ಯಾಂಕೋ ತನ್ನ ಲೆಕ್ಕದಲ್ಲಿ ಬರೆದಿಟ್ಟುಕೊಂಡದ್ದೇ ನೋಂದಣಿ. ಆ ಲೆಕ್ಕ ನಿಮ್ಮ ಫೋನಿನಲ್ಲಿಲ್ಲ. ಫೋನಿನಲ್ಲಿರುವುದು ಹಗ್ಗದ ಒಂದು ತುದಿ ಮಾತ್ರ. ಇನ್ನೊಂದು ತುದಿಯನ್ನು ಹೊರಗೆ ಯಾವುದೋ ಗೂಟಕ್ಕೆ ಕಟ್ಟಿರುತ್ತದೆ. ಫಾರ್ಮ್ಯಾಟ್ ಮಾಡಿದಾಗ ಫೋನಿನ ಕಡೆಯ ತುದಿ ತುಂಡಾಗುತ್ತದೆ, ಗೂಟ ಅಲ್ಲೇ ಇರುತ್ತದೆ. ಯಾವ ಆ್ಯಪ್ ಯಾವ ಗೂಟದಲ್ಲಿದೆ ಅಂತ ಗೊತ್ತಿದ್ದರೆ ಮತ್ತೆ ಕಟ್ಟುವುದು ಸುಲಭ.

ಗೂಟಗಳು ಮೂರು.

ಒಂದು, ನಿಮ್ಮ ಫೋನ್ ನಂಬರ್. ವಾಟ್ಸಾಪ್, ಟೆಲಿಗ್ರಾಂ, ಯುಪಿಐ ಆ್ಯಪ್‌ಗಳು, ಬ್ಯಾಂಕಿನ ಆ್ಯಪ್‌ಗಳು ಇದರಲ್ಲಿ.

ಎರಡು, ಅಕೌಂಟ್. ಆಂಡ್ರಾಯ್ಡ್ ಆದರೆ ಗೂಗಲ್ ಅಕೌಂಟ್, ಐಫೋನ್ ಆದರೆ ಆ್ಯಪಲ್ ಅಕೌಂಟ್. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಇದಕ್ಕೆ ಕಟ್ಟಿರುತ್ತವೆ.

ಮೂರು, ಆ ಫೋನೇ. ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫೋನಿಗೆ ಐಎಂಇಐ ಎಂಬ 15 ಅಂಕಿಗಳ ಗುರುತು ಇರುತ್ತದೆ. *#06# ಒತ್ತಿದರೆ ಕಾಣಿಸುತ್ತದೆ. ಅದು ಯಂತ್ರದ ಗುರುತು, ಫಾರ್ಮ್ಯಾಟ್ ಮಾಡಿದರೂ ಬದಲಾಗುವುದಿಲ್ಲ. “ಐಎಂಇಐ ಅದೇ ಇದೆಯಲ್ಲ, ಮತ್ತೆ ಆ್ಯಪ್ ಯಾಕೆ ಹೊಸ ಫೋನು ಅನ್ನುತ್ತದೆ?” ಅಂತ ಕೇಳುವವರು ತುಂಬಾ ಜನ. ಕಾರಣ ಇದು: 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ ಓದಲು ಬಿಡುವುದೇ ಇಲ್ಲ. ಅವು ನೋಡುವುದು ‘ಆಂಡ್ರಾಯ್ಡ್ ಐಡಿ’ ಎಂಬ ಬೇರೆ ಗುರುತನ್ನು. ಅದು ಫಾರ್ಮ್ಯಾಟ್ ಮಾಡಿದಾಗಲೆಲ್ಲ ಬದಲಾಗುತ್ತದೆ. ನಿಮ್ಮ ಕೈಯಲ್ಲಿರುವುದು ಅದೇ ಫೋನು. ಆ್ಯಪ್‌ನ ಲೆಕ್ಕದಲ್ಲಿ ಮಾತ್ರ ಅದು ಇನ್ನೊಂದು ಫೋನು. ‘ಎರಡು ಫೋನಿಗೆ ಮಾತ್ರ’ ಎಂಬ ಲೈಸೆನ್ಸ್ ಇದ್ದರೆ, ಒಂದೇ ಫೋನನ್ನು ಎರಡು ಸಲ ಫಾರ್ಮ್ಯಾಟ್ ಮಾಡಿದವರಿಗೆ ಮೂರನೆಯ ಸಲ ಬಾಗಿಲು ಮುಚ್ಚಬಹುದು.

ಇನ್ನು ಕೆಲಸಕ್ಕೆ ಇಳಿಯೋಣ. ಒಂದು ನೋಟ್ ಪುಸ್ತಕ, ಪೆನ್ನು, ಮನೆಯವರ ಇನ್ನೊಂದು ಫೋನು, ವೈಫೈ ಅಥವಾ ಒಳ್ಳೆಯ ಡೇಟಾ, ಒಂದು ದಿನದ ಬಿಡುವು. ಇಷ್ಟು ಬೇಕು.

1. ಫಾರ್ಮ್ಯಾಟ್ ನಿಜವಾಗಿ ಬೇಕಾ?

ನನ್ನ ಹತ್ತಿರ ಬರುವ ಫೋನುಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿರುವುದಿಲ್ಲ. ಜಾಗ ತುಂಬಿರುತ್ತದೆ, ಅಷ್ಟೇ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ತೆರೆದು, ಯಾವ ಗುಂಪು ಎಷ್ಟು ಜಾಗ ತಿಂದಿದೆ ನೋಡಿ. ಶುಭೋದಯದ ಚಿತ್ರಗಳು ಮತ್ತು ಕುಟುಂಬದ ಗುಂಪಿನ ವಿಡಿಯೋಗಳನ್ನು ತೆಗೆದರೇ ಫೋನು ಉಸಿರಾಡುತ್ತದೆ. ಆಮೇಲೂ ಸರಿಯಾಗದಿದ್ದರೆ ಮುಂದಕ್ಕೆ ಹೋಗಿ.

2. ಪಟ್ಟಿ ಬರೆಯಿರಿ, ಕಾಗದದಲ್ಲೇ

ಆ್ಯಪ್‌ಗಳ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ, ಲಾಗಿನ್ ಇರುವ ಪ್ರತಿ ಆ್ಯಪ್‌ನ ಹೆಸರು ಬರೆಯಿರಿ. ಪಕ್ಕದಲ್ಲಿ ಮೂರು ವಿಷಯ: ಯಾವ ನಂಬರ್, ಯಾವ ಇಮೇಲ್, ದುಡ್ಡು ಕೊಟ್ಟದ್ದಾ ಅಲ್ಲವಾ. ಪಾಸ್‌ವರ್ಡ್, ಪಿನ್ ಈ ಕಾಗದದಲ್ಲಿ ಬರೆಯಬೇಡಿ. ‘ನೆನಪಿದೆ’ ಅಥವಾ ‘ನೆನಪಿಲ್ಲ’ ಅಂತ ಮಾತ್ರ ಬರೆಯಿರಿ. ‘ನೆನಪಿಲ್ಲ’ ಅಂತ ಬರೆದ ಪ್ರತಿಯೊಂದನ್ನೂ ಫಾರ್ಮ್ಯಾಟ್‌ಗೆ ಮೊದಲೇ ಬದಲಾಯಿಸಿಕೊಳ್ಳಬೇಕು. ಈಗ ಫೋನು ಒಳಗೆ ಬಿಡುತ್ತಿದೆ, ಆಮೇಲೆ ಬಿಡುವುದಿಲ್ಲ.

ಫೋನಿನಲ್ಲೇ ನೋಟ್ಸ್ ಮಾಡಿಟ್ಟು, ಅದರ ಜೊತೆ ಫಾರ್ಮ್ಯಾಟ್ ಮಾಡಿದವರೂ ಇದ್ದಾರೆ. ಅದಕ್ಕೇ ಕಾಗದ ಅಂದದ್ದು.

3. ನಂಬರಿನ ಗೂಟ

ನಮ್ಮ ಕಡೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ, ಗಲ್ಫ್ ನಂಬರ್. ದುಬೈಯಿಂದಲೋ ಸೌದಿಯಿಂದಲೋ ಊರಿಗೆ ಬಂದು ನೆಲೆಸಿದವರು ಎಷ್ಟೋ ಮಂದಿ ಹಳೆಯ ನಂಬರಿನಲ್ಲೇ ವಾಟ್ಸಾಪ್ ನಡೆಸುತ್ತಿರುತ್ತಾರೆ. ಸಿಮ್ ಎಂದೋ ಬಂದ್ ಆಗಿದೆ, ವಾಟ್ಸಾಪ್ ಮಾತ್ರ ನಡೆಯುತ್ತಿದೆ. ಫಾರ್ಮ್ಯಾಟ್ ಮಾಡಿದ ಕೂಡಲೇ ವಾಟ್ಸಾಪ್ ಒಟಿಪಿ ಕೇಳುತ್ತದೆ. ಒಟಿಪಿ ಅಂದರೆ ಒಂದೇ ಸಲ ಬಳಸುವ ಗುಟ್ಟಿನ ಅಂಕಿ. ಅದು ಹೋಗುವುದು ಆ ಸತ್ತ ಸಿಮ್‌ಗೆ. ಅಲ್ಲಿಗೆ ಕಥೆ ಮುಗಿಯಿತು.

ನೀವು ಹೀಗಿದ್ದರೆ ಬೇರೆಲ್ಲ ಬಿಟ್ಟು ಇದನ್ನು ಮೊದಲು ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್, ಅಕೌಂಟ್, ‘ಚೇಂಜ್ ನಂಬರ್’. ಹಳೆಯ ನಂಬರ್ ಮೇಲೆ, ಊರಿನ ನಂಬರ್ ಕೆಳಗೆ. ಗುಂಪುಗಳು ಹಾಗೇ ಉಳಿಯುತ್ತವೆ. ಬದಲಾಯಿಸಿದ ಮೇಲೆ ಹೊಸದಾಗಿ ಒಂದು ಬ್ಯಾಕಪ್ ತೆಗೆಯಲೇಬೇಕು. ವಾಟ್ಸಾಪ್ ಬ್ಯಾಕಪ್ ಹುಡುಕುವಾಗ ನಂಬರ್ ಮತ್ತು ಗೂಗಲ್ ಅಕೌಂಟ್ ಎರಡೂ ಬ್ಯಾಕಪ್ ತೆಗೆದಾಗ ಇದ್ದವೇ ಆಗಿರಬೇಕು. ಇದೇ ಹಳೆಯ ನಂಬರ್ ಬೇರೆ ಯಾವ ಆ್ಯಪ್‌ನಲ್ಲಿದೆ, ಜಿಮೇಲ್‌ನ ರಿಕವರಿ ನಂಬರ್ ಅದೇ ಇದೆಯಾ ಅಂತಲೂ ನೋಡಿ. ರಿಕವರಿ ನಂಬರ್ ಅಂದರೆ ಪಾಸ್‌ವರ್ಡ್ ಮರೆತಾಗ ಗೂಗಲ್ ಸಂದೇಶ ಕಳಿಸುವ ನಂಬರ್.

ಊರಿನ ನಂಬರ್ ಆದರೂ ವಾಟ್ಸಾಪ್‌ನಲ್ಲಿ ಮೂರು ಕಡೆ ನೋಡಬೇಕು.

‘ಚಾಟ್ ಬ್ಯಾಕಪ್’ನಲ್ಲಿ ಕೊನೆಯ ಬ್ಯಾಕಪ್ ಯಾವ ದಿನದ್ದು? ಈಗ ಈ ಬ್ಯಾಕಪ್ ನಿಮ್ಮ ಗೂಗಲ್ ಅಕೌಂಟಿನ ಉಚಿತ 15 ಜಿಬಿ ಒಳಗೇ ಲೆಕ್ಕ ಆಗುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ಸುಮ್ನೆ ನಿಂತುಬಿಟ್ಟಿರುತ್ತದೆ. ತಾರೀಕು ನೋಡದೆ ‘ಬ್ಯಾಕಪ್ ಆನ್ ಇದೆ’ ಅಂತ ನಂಬಬೇಡಿ. ಜಾಗ ಇಲ್ಲದಿದ್ದರೆ ವಿಡಿಯೋ ಬಿಟ್ಟು ಬ್ಯಾಕಪ್ ಮಾಡಿ.

‘ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಆನ್ ಇದೆಯಾ? ಅಂದರೆ ಬ್ಯಾಕಪ್‌ಗೆ ನೀವೇ ಹಾಕಿದ ಬೀಗ. ಅದರ ಕೀಲಿ ಒಂದು ಪಾಸ್‌ವರ್ಡ್ ಅಥವಾ 64 ಅಂಕಿ–ಅಕ್ಷರಗಳ ಸಾಲು. ಅದು ಹೋದರೆ ವಾಟ್ಸಾಪ್ ಕಂಪನಿಗೂ ತೆರೆಯಲು ಬರುವುದಿಲ್ಲ. ಕೀಲಿ ನೆನಪಿಲ್ಲದಿದ್ದರೆ ಫಾರ್ಮ್ಯಾಟ್‌ಗೆ ಮೊದಲು ಪಾಸ್‌ವರ್ಡ್ ಬದಲಾಯಿಸಿ ಅಥವಾ ಬೀಗ ಆಫ್ ಮಾಡಿ, ಪುನಃ ಬ್ಯಾಕಪ್ ತೆಗೆಯಿರಿ.

‘ಟೂ ಸ್ಟೆಪ್ ವೆರಿಫಿಕೇಶನ್’ ಪಿನ್ ಇದೆಯಾ? ಇದು ಒಟಿಪಿಯ ಮೇಲೆ ಇನ್ನೊಂದು 6 ಅಂಕಿಯ ಬೀಗ. ಮರೆತಿದ್ದು, ಇಮೇಲ್ ಕೂಡ ಕೊಟ್ಟಿಲ್ಲದಿದ್ದರೆ 7 ದಿನ ಕಾಯಬೇಕಾಗುತ್ತದೆ. ಈಗಲೇ ಇಮೇಲ್ ಸೇರಿಸಿಡಿ.

ಮೋಡದ ಮೇಲಿನ (ಕ್ಲೌಡ್), ಅಂದರೆ ಗೂಗಲ್ ಅಕೌಂಟಿನಲ್ಲಿರುವ ಬ್ಯಾಕಪ್ ಒಂದನ್ನೇ ನಂಬಲು ನನಗೆ ಮನಸ್ಸಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ‘ಆಂಡ್ರಾಯ್ಡ್’, ಅದರೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಕಂಪ್ಯೂಟರಿಗೆ ಕಾಪಿ ಮಾಡಿ. ಗೂಗಲ್ ಬ್ಯಾಕಪ್ ಕೈಕೊಟ್ಟರೆ ಇದನ್ನು ಅದೇ ಜಾಗದಲ್ಲಿ ವಾಪಸ್ ಇಟ್ಟು, ಆಮೇಲೆ ವಾಟ್ಸಾಪ್ ಹಾಕಿದರೆ ಚಾಟ್‌ಗಳು ಬರುತ್ತವೆ. ಕಂಪ್ಯೂಟರ್ ಇಲ್ಲದವರು ಮೆಮೊರಿ ಕಾರ್ಡಿಗೆ ಹಾಕಬಹುದು.

ಟೆಲಿಗ್ರಾಂ ಬಗ್ಗೆ ಹೆಚ್ಚು ಚಿಂತೆ ಬೇಡ, ಎಲ್ಲ ಅವರ ಸರ್ವರ್‌ನಲ್ಲೇ ಇರುತ್ತದೆ. ‘ಸೀಕ್ರೆಟ್ ಚಾಟ್’ ಮಾತ್ರ ಹೋಗುತ್ತದೆ.

ಇನ್ನು ಯುಪಿಐ. ಗೂಗಲ್ ಪೇ, ಫೋನ್‌ಪೇ, ಭೀಮ್, ಯಾವುದಾದರೂ ಸರಿ, ಮರುನೋಂದಣಿ ಆಗುವುದು ನಿಮ್ಮ ಸಿಮ್‌ನಿಂದ ತಾನಾಗಿ ಹೋಗುವ ಒಂದು ಎಸ್ಸೆಮ್ಮೆಸ್‌ನಿಂದ. ‘ಬ್ಯಾಂಕಿನಲ್ಲಿರುವ ನಂಬರಿನ ಸಿಮ್ ಈ ಫೋನಿನಲ್ಲೇ ಇದೆ’ ಅಂತ ಅದು ಸಾಕ್ಷಿ ಹೇಳುತ್ತದೆ. ನಿಮ್ಮ ಯುಪಿಐ ಪಿನ್ ಫಾರ್ಮ್ಯಾಟ್‌ನಿಂದ ಬದಲಾಗುವುದಿಲ್ಲ, ಹಳೆಯ ಪಿನ್ನೇ ನಡೆಯುತ್ತದೆ. ಆದರೆ ಯುಪಿಐ ಲೈಟ್ ಇದ್ದವರು ಎಚ್ಚರ. ಪಿನ್ ಇಲ್ಲದೆ ಚಿಲ್ಲರೆ ಪಾವತಿ ಮಾಡುವ ಆ ಪರ್ಸಿನ ಲೆಕ್ಕ ಆ ಫೋನಿಗೇ ಕಟ್ಟಿರುತ್ತದೆ. ಅದರಲ್ಲಿ ₹5,000 ತನಕ ಇಡಬಹುದು, ಅಂದರೆ ಚಿಕ್ಕ ಮೊತ್ತ ಏನಲ್ಲ. ಫಾರ್ಮ್ಯಾಟ್‌ಗೆ ಮೊದಲು ಲೈಟ್ ಬ್ಯಾಲೆನ್ಸನ್ನು ಬ್ಯಾಂಕ್ ಖಾತೆಗೆ ವಾಪಸ್ ಹಾಕಿ, ಲೈಟ್ ಬಂದ್ ಮಾಡಿ. ಇದನ್ನು ಮರೆತವರು ಆಮೇಲೆ ಬ್ಯಾಂಕಿನ ಹಿಂದೆ ಓಡಬೇಕಾಗುತ್ತದೆ.

4. ಅಕೌಂಟಿನ ಗೂಟ

ನಿಮ್ಮ ಜಿಮೇಲ್ ವಿಳಾಸ ಯಾವುದು? ಅದರ ಪಾಸ್‌ವರ್ಡ್ ನಿಮಗೆ ಗೊತ್ತಾ?

ಸುಲಭದ ಪ್ರಶ್ನೆ ಅನಿಸಬಹುದು. ಅಮ್ಮನ ಫೋನು, ಅಜ್ಜನ ಫೋನು ತೆಗೆದು ನೋಡಿ. ಕೊಂಡ ದಿನ ಅಂಗಡಿಯ ಹುಡುಗ ಏನೋ ಒಂದು ಜಿಮೇಲ್ ಮಾಡಿ, ಏನೋ ಒಂದು ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ. ಅದು ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಐದು ವರ್ಷ ಫೋನು ಚೆನ್ನಾಗಿಯೇ ನಡೆದಿದೆ. ಫಾರ್ಮ್ಯಾಟ್ ಮಾಡಿದ ಮೇಲೆ ಫೋನು ‘ಹಿಂದೆ ಇದ್ದ ಅಕೌಂಟ್ ಹಾಕಿ’ ಅಂತ ನಿಲ್ಲಬಹುದು. ಇದಕ್ಕೆ ಎಫ್‌ಆರ್‌ಪಿ ಅಂತ ಹೆಸರು, ಕದ್ದ ಫೋನನ್ನು ಕಳ್ಳ ಬಳಸದಂತೆ ಆಂಡ್ರಾಯ್ಡ್ 5.1ರಿಂದ ಬಂದ ಬೀಗ. ಬೀಗಕ್ಕೆ ಕಳ್ಳ ಯಾರು, ಯಜಮಾನ ಯಾರು ಅಂತ ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಗೊತ್ತಿದ್ದವನೇ ಯಜಮಾನ.

ಹಾಗಾಗಿ ಈಗಲೇ ಪರೀಕ್ಷೆ ಮಾಡಿ. ಮನೆಯವರ ಇನ್ನೊಂದು ಫೋನಿನ ಬ್ರೌಸರ್‌ನಲ್ಲಿ ಖಾಸಗಿ ಟ್ಯಾಬ್ ತೆರೆದು ಆ ಜಿಮೇಲ್‌ಗೆ ಲಾಗಿನ್ ಆಗಿ ನೋಡಿ. ಆಯಿತಾ, ಸರಿ. ಆಗಲಿಲ್ಲವಾ, ನಿಮ್ಮ ಫೋನು ಇನ್ನೂ ಲಾಗಿನ್ ಇರುವಾಗಲೇ ಪಾಸ್‌ವರ್ಡ್ ಬದಲಾಯಿಸಿ. ಬದಲಾಯಿಸಿದ ಮೇಲೆ 24 ಗಂಟೆ ಕಾದು ಫಾರ್ಮ್ಯಾಟ್ ಮಾಡಿ. ಹೊಸ ಪಾಸ್‌ವರ್ಡ್ ಎಲ್ಲ ಕಡೆ ತಲುಪಲು ಅಷ್ಟು ಹೊತ್ತು ಬಿಡಬೇಕು. ಅದೇ ದಿನ ಮಾಡಿ ಸಿಕ್ಕಿಕೊಂಡವರು ಇದ್ದಾರೆ. ಶಿಯೋಮಿ ಫೋನಿನವರು ಮಿ ಅಕೌಂಟ್, ಸ್ಯಾಮ್‌ಸಂಗ್‌ನವರು ಸ್ಯಾಮ್‌ಸಂಗ್ ಅಕೌಂಟ್ ಕೂಡ ಹೀಗೇ ನೋಡಿಕೊಳ್ಳಿ. ಅಲ್ಲಿಯೂ ಇಂಥದೇ ಬೀಗ ಇರಬಹುದು.

ಗೂಗಲ್‌ನಲ್ಲಿ ಎರಡು ಹಂತದ ಭದ್ರತೆ ಆನ್ ಇದ್ದರೆ ‘ಬ್ಯಾಕಪ್ ಕೋಡ್’ ತೆಗೆದುಕೊಳ್ಳಿ. 8 ಅಂಕಿಗಳ 10 ಕೋಡ್ ಕೊಡುತ್ತದೆ, ಒಂದೊಂದು ಒಂದು ಸಲ ಮಾತ್ರ. ಇವನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಪಟ್ಟಿಯ ಜೊತೆ ಬೇಡ. ಇಲ್ಲದಿದ್ದರೆ ‘ನಿಮ್ಮ ಫೋನಿಗೆ ಬಂದ ಪ್ರಶ್ನೆಗೆ ಹೌದು ಒತ್ತಿ’ ಅಂತ ಗೂಗಲ್ ಹೇಳುತ್ತದೆ, ಆ ಫೋನೇ ಖಾಲಿಯಾಗಿ ನಿಮ್ಮ ಕೈಯಲ್ಲಿರುತ್ತದೆ.

ದುಡ್ಡು ಕೊಟ್ಟ ಆ್ಯಪ್‌ಗಳ ವಿಷಯ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದಾದರೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಕೊಂಡ ಅಕೌಂಟಿನಲ್ಲೇ ಲಾಗಿನ್ ಆಗಬೇಕು, ಇಷ್ಟೇ ಷರತ್ತು. ಒಂದೇ ಫೋನಿನಲ್ಲಿ ಎರಡು ಮೂರು ಜಿಮೇಲ್ ಇದ್ದರೆ ಯಾವುದರಲ್ಲಿ ಕೊಂಡದ್ದು ಅಂತ ಗೊತ್ತಾಗಲು ಪ್ಲೇ ಸ್ಟೋರ್‌ನ ಮೇಲಿನ ನಿಮ್ಮ ಚಿತ್ರ ಒತ್ತಿ, ಪಾವತಿಗಳು ಮತ್ತು ಚಂದಾಗಳ ಪುಟಕ್ಕೆ ಹೋಗಿ. ಒಂದೊಂದು ಅಕೌಂಟಿಗೆ ಬದಲಾಯಿಸಿ ನೋಡಿ. ಬಿಲ್ ಇಮೇಲ್‌ನಲ್ಲಿ ‘ಜಿಪಿಎ’ ಅಂತ ಶುರುವಾಗುವ ಆರ್ಡರ್ ನಂಬರ್ ಇರುತ್ತದೆ. ಅದನ್ನು ಪಟ್ಟಿಗೆ ಸೇರಿಸಿ, ಮುಂದೆ ತಕರಾರು ಬಂದರೆ ಆ್ಯಪ್ ಮಾಡಿದವರು ಮೊದಲು ಕೇಳುವುದು ಅದನ್ನೇ.

ಗೂಗಲ್‌ನ ತಾನಾಗಿ ಆಗುವ ಬ್ಯಾಕಪ್ ಬಗ್ಗೆ ಜನರಿಗೆ ಅತಿ ನಂಬಿಕೆ. ಸೆಟ್ಟಿಂಗ್ಸ್, ಗೂಗಲ್, ಬ್ಯಾಕಪ್‌ಗೆ ಹೋಗಿ ‘ಬ್ಯಾಕಪ್ ನೌ’ ಒತ್ತಿ, ಅದು ಸರಿ. ಆದರೆ ಅದು ಒಂದು ಆ್ಯಪ್‌ಗೆ 25 ಎಂಬಿ ತನಕದ ವಿವರ ಮಾತ್ರ ಇಡುತ್ತದೆ. ಅದೂ ಆ್ಯಪ್ ಒಪ್ಪಿದರೆ. ಬ್ಯಾಂಕಿನ ಆ್ಯಪ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಇನ್ನೆರಡು ವಿಷಯ: ಈ ಬ್ಯಾಕಪ್ ತೆರೆಯಲು ಫೋನಿನ ಹಳೆಯ ಸ್ಕ್ರೀನ್ ಲಾಕ್, ಅಂದರೆ ಪಿನ್ ಅಥವಾ ಗೀಟು (ಪ್ಯಾಟರ್ನ್), ಬೇಕು. ಬೆರಳಚ್ಚಿನಲ್ಲೇ ತೆರೆದು ಅಭ್ಯಾಸ ಆದವರು ಪಿನ್ ಮರೆತಿರುತ್ತಾರೆ, ಅಲ್ವಾ? ಮತ್ತು 57 ದಿನ ಆ ಫೋನು ಬಳಸದೇ ಬಿಟ್ಟರೆ ಬ್ಯಾಕಪ್ ಅಳಿಸಿಹೋಗುತ್ತದೆ. ರಿಪೇರಿಗೆ ಕೊಟ್ಟು ಎರಡು ತಿಂಗಳು ಮರೆತವರು ನೆನಪಿಡಿ.

ಐಫೋನ್‌ನವರಿಗೆ ಒಂದೇ ಮಾತು. ಐಕ್ಲೌಡ್‌ನ ಉಚಿತ 5 ಜಿಬಿ ಸಾಲದಿದ್ದರೆ ಕಂಪ್ಯೂಟರಿಗೆ ಬ್ಯಾಕಪ್ ತೆಗೆಯಿರಿ, ತೆಗೆಯುವಾಗ ‘ಎನ್‌ಕ್ರಿಪ್ಟ್’ ಎಂಬಲ್ಲಿ ಟಿಕ್ ಹಾಕಿ. ಹಾಕದಿದ್ದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ಆ ಬ್ಯಾಕಪ್‌ನಲ್ಲಿ ಬರುವುದಿಲ್ಲ.

5. ಫೋನೇ ಗೂಟವಾಗಿರುವ ಆ್ಯಪ್‌ಗಳು

ಮೊದಲನೆಯದು ಅಥೆಂಟಿಕೇಟರ್, ಅಂದರೆ 30 ಸೆಕೆಂಡಿಗೊಮ್ಮೆ 6 ಅಂಕಿ ಬದಲಾಯಿಸುತ್ತಾ ತೋರಿಸುವ ಆ್ಯಪ್. ಶೇರು, ಇಮೇಲ್, ಕಚೇರಿಯ ಲಾಗಿನ್‌ಗೆ ಬಳಸುತ್ತಾರೆ. ಆ ಅಂಕಿಗಳನ್ನು ಹುಟ್ಟಿಸುವ ಬೀಜ ಫೋನಿನೊಳಗೇ ಇರುತ್ತದೆ. ನಾನೇ ಒಮ್ಮೆ ಇದನ್ನು ಮರೆತು ಫಾರ್ಮ್ಯಾಟ್ ಮಾಡಿ, ಒಂದು ಲಾಗಿನ್ ಮರಳಿ ಪಡೆಯಲು ಹನ್ನೊಂದು ದಿನ ಇಮೇಲ್ ಬರೆದಿದ್ದೇನೆ. ಗೂಗಲ್ ಅಥೆಂಟಿಕೇಟರ್‌ನಲ್ಲಿ 2023ರಿಂದ ಅಕೌಂಟಿಗೆ ಸಿಂಕ್ ಮಾಡುವ, ಅಂದರೆ ಅಲ್ಲಿಯೂ ಒಂದು ಪ್ರತಿ ಇಡುವ ಅನುಕೂಲ ಬಂದಿದೆ. ಲಾಗಿನ್ ಆಗದೆ ಬಳಸುತ್ತಿದ್ದರೆ ಸಿಂಕ್ ಆಗಿರುವುದಿಲ್ಲ, ನೋಡಿಕೊಳ್ಳಿ. ಸಿಂಕ್ ಬೇಡ ಅನ್ನುವವರು ‘ಟ್ರಾನ್ಸ್‌ಫರ್’ ಒತ್ತಿ, ಬರುವ ಕ್ಯೂಆರ್ ಅನ್ನು ಮನೆಯ ಇನ್ನೊಂದು ಫೋನಿನ ಅದೇ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಫಾರ್ಮ್ಯಾಟ್ ಮುಗಿದ ಮೇಲೆ ವಾಪಸ್ ತಂದು, ಅಲ್ಲಿಂದ ಅಳಿಸಿ.

ಎರಡನೆಯದು ಪ್ಲೇ ಸ್ಟೋರ್‌ನಲ್ಲಲ್ಲದೆ ಕಂಪನಿಯ ವೆಬ್‌ಸೈಟಿನಲ್ಲೋ ಅಂಗಡಿಯಲ್ಲೋ ಕೊಂಡ ಸಾಫ್ಟ್‌ವೇರ್. ಆ್ಯಂಟಿವೈರಸ್, ಅಂಗಡಿಯ ಬಿಲ್ಲಿಂಗ್ ಆ್ಯಪ್, ಮಕ್ಕಳ ಕಲಿಕೆಯ ಆ್ಯಪ್, ಹೀಗೆ. ಇವುಗಳಲ್ಲಿ ‘ಲೈಸೆನ್ಸ್ ಕೀ’ ಇರುತ್ತದೆ, ಅಂಕಿ ಅಕ್ಷರ ಸೇರಿದ ಉದ್ದದ ಸಾಲು. ಆ್ಯಪ್‌ನ ‘ಅಬೌಟ್’ ಅಥವಾ ‘ಮೈ ಅಕೌಂಟ್’ ಪುಟದಲ್ಲಿ ಹುಡುಕಿ. ಅಲ್ಲಿ ಕೆಲವೊಮ್ಮೆ ಅರ್ಧ ನಕ್ಷತ್ರ ಚಿಹ್ನೆಗಳಿಂದ ಮುಚ್ಚಿರುತ್ತದೆ, ಆಗ ಕೊಂಡಾಗ ಬಂದ ಇಮೇಲ್ ಅಥವಾ ಡಬ್ಬಿಯೊಳಗಿನ ಚೀಟಿ ನೋಡಬೇಕು. ಬರೆಯುವಾಗ ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಒಂದು ಮತ್ತು ‘ಐ’ ಅದಲು ಬದಲಾಗದಂತೆ ನೋಡಿ. ಬರೆಯುವುದಕ್ಕಿಂತ ಇನ್ನೊಂದು ಫೋನಿನಿಂದ ಫೋಟೋ ತೆಗೆಯುವುದು ಮೇಲು.

ಕೀ ಬರೆದುಕೊಂಡರೆ ಮಾತ್ರ ಸಾಲದು. ಆ ಆ್ಯಪ್‌ನಲ್ಲಿ ‘ಡಿಆ್ಯಕ್ಟಿವೇಟ್’, ‘ರಿಮೂವ್ ದಿಸ್ ಡಿವೈಸ್’ ಅಥವಾ ‘ಸೈನ್ ಔಟ್’ ಇದ್ದರೆ ಅದನ್ನು ಒತ್ತಿಯೇ ಫಾರ್ಮ್ಯಾಟ್ ಮಾಡಿ. ಮೇಲೆ ಹೇಳಿದ ಆಂಡ್ರಾಯ್ಡ್ ಐಡಿ ನೆನಪಿದೆಯಲ್ಲ? ಹಳೆಯ ಗುರುತನ್ನು ನೀವು ಬಿಡಿಸದಿದ್ದರೆ ಕಂಪನಿಯ ಲೆಕ್ಕದಲ್ಲಿ ಅದು ಜಾಗ ಹಿಡಿದುಕೊಂಡೇ ಕೂತಿರುತ್ತದೆ. ಹಗ್ಗ ಬಿಚ್ಚಿ ಹೋಗಿ, ಕಡಿದು ಹೋಗಬೇಡಿ.

ಇನ್ನು ಬಿಡಿ ವಿಷಯಗಳು. ಎಂ-ಆಧಾರ್‌ನಲ್ಲಿ ನಿಮ್ಮ ಪ್ರೊಫೈಲ್ ಒಂದು ಸಲಕ್ಕೆ ಒಂದೇ ಫೋನಿನಲ್ಲಿ ನಡೆಯುತ್ತದೆ. ಮರಳಿ ಸೇರಿಸಲು ಆಧಾರ್‌ಗೆ ಜೋಡಿಸಿದ ನಂಬರಿಗೆ ಒಟಿಪಿ ಬರುತ್ತದೆ, ಆ ಸಿಮ್ ಜೀವಂತ ಇರಲಿ. ಡಿಜಿಲಾಕರ್‌ನ ದಾಖಲೆಗಳು ಎಲ್ಲಿಗೂ ಹೋಗುವುದಿಲ್ಲ, ಅದರ 6 ಅಂಕಿಯ ಪಿನ್ ನೆನಪಿದ್ದರೆ ಆಯಿತು. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇದ್ದವರಿಗೆ ಫಾರ್ಮ್ಯಾಟ್ ಮಾಡುವಾಗ ‘ಇ-ಸಿಮ್ ಅಳಿಸಲಾ?’ ಅಂತ ಕೇಳುತ್ತದೆ, ಅಲ್ಲಿ ಟಿಕ್ ಹಾಕಬೇಡಿ. ಸ್ಯಾಮ್‌ಸಂಗ್‌ನ ‘ಸೆಕ್ಯೂರ್ ಫೋಲ್ಡರ್’ನಲ್ಲಿ ಇಟ್ಟದ್ದನ್ನು ಹೊರಗೆ ತೆಗೆಯಿರಿ. ಮೆಮೊರಿ ಕಾರ್ಡನ್ನು ‘ಫೋನಿನ ಒಳಗಿನ ಜಾಗ’ವಾಗಿ ಸೇರಿಸಿದ್ದರೆ ಆ ಕಾರ್ಡಿನ ಕೀಲಿ ಕೂಡ ಫೋನಿನಲ್ಲೇ ಇರುತ್ತದೆ. ಫಾರ್ಮ್ಯಾಟ್ ಆದ ಮೇಲೆ ಕಾರ್ಡ್ ಓದಲು ಬರುವುದಿಲ್ಲ. ಅದರಲ್ಲಿ ಬ್ಯಾಕಪ್ ಇಟ್ಟು ನೆಮ್ಮದಿಯಿಂದ ಇರಬೇಡಿ.

6. ಫಾರ್ಮ್ಯಾಟ್ ದಿನ

ದಿನ ಆರಿಸಿಕೊಳ್ಳಿ. ಯುಪಿಐ ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ ₹5,000ಕ್ಕಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ. ಅಡಿಕೆ ಕೊಯ್ಲಿನ ಕೂಲಿ ಕೊಡುವ ಮುಂಚಿನ ದಿನವೋ, ಕಾಲೇಜಿನ ಫೀಸು ಕಟ್ಟುವ ಕೊನೆಯ ದಿನವೋ ಈ ಕೆಲಸಕ್ಕೆ ಕೈ ಹಾಕಬೇಡಿ. ಅದೇ ದಿನ ಸಿಮ್ ಬದಲಾಯಿಸುವುದೂ ಬೇಡ, ಹೊಸ ಸಿಮ್ ಕಾರ್ಡಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ತಡೆ ಇರುತ್ತದೆ, ಒಟಿಪಿ ಬರುವುದಿಲ್ಲ.

ಫೋನು ಪೂರ್ತಿ ಚಾರ್ಜ್ ಆಗಿರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಕರೆಂಟಿನ ಜೊತೆ ವೈಫೈಯೂ ಹೋಗುತ್ತದೆ.

ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಫೋನು ಮಾರುವುದಾದರೆ ಅಥವಾ ಬೇರೆಯವರಿಗೆ ಕೊಡುವುದಾದರೆ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ನೀವೇ ಬಳಸುವುದಾದರೆ ತೆಗೆಯುವ ಅಗತ್ಯ ಇಲ್ಲ.

ಅಂಗಡಿಗೆ ಕೊಡಲೇಬೇಕಾದರೆ ಮೂರು ಎಚ್ಚರಿಕೆ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು ಕೊಡಿ. ಪಾಸ್‌ವರ್ಡ್ ಬರೆದು ಕೊಡಬೇಡಿ, ಕೊನೆಗೆ ನೀವೇ ಹೋಗಿ ಒತ್ತಿ. ಮತ್ತು *#06# ಒತ್ತಿ ಐಎಂಇಐ ಮೊದಲೇ ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್‌ನಿಂದ ಐಎಂಇಐ ಹೋಗುವುದಿಲ್ಲ ಅಂದೆನಲ್ಲ, ಆದರೆ ಕಂಪ್ಯೂಟರಿನಿಂದ ಫ್ಲ್ಯಾಶ್ ಮಾಡುವಾಗ, ಮುಖ್ಯವಾಗಿ ಮೀಡಿಯಾಟೆಕ್ ಚಿಪ್ ಇರುವ ಫೋನುಗಳಲ್ಲಿ, ‘ಫಾರ್ಮ್ಯಾಟ್ ಆಲ್’ ಎಂಬುದನ್ನು ಆರಿಸಿದರೆ ಐಎಂಇಐ ಬರೆದಿಟ್ಟ ಜಾಗವೂ ಒರೆಸಿಹೋಗುತ್ತದೆ. ಆಮೇಲೆ ಸಿಮ್ ಹಾಕಿದರೂ ರೇಂಜ್ ಬರುವುದಿಲ್ಲ. ಫೋನು ವಾಪಸ್ ಪಡೆಯುವಾಗ ಅಲ್ಲೇ ನಿಂತು ನಂಬರ್ ತಾಳೆ ನೋಡಿ. ಬೇರೆ ನಂಬರ್ ಕಾಣಿಸಿದರೆ ಫೋನು ತೆಗೆದುಕೊಂಡು ಬರಬೇಡಿ. ಐಎಂಇಐ ತಿದ್ದುವುದು ಅಪರಾಧ.

ಬೂಟ್‌ಲೋಡರ್, ಅಂದರೆ ಬೇರೆ ಸಾಫ್ಟ್‌ವೇರ್ ಹಾಕದಂತೆ ಕಂಪನಿ ಹಾಕಿದ ಬೀಗ, ತೆರೆದು ಬೇರೆ ‘ರೋಮ್’ (ಬೇರೆಯವರು ಮಾಡಿದ ಆಂಡ್ರಾಯ್ಡ್) ಹಾಕುವ ಹುಮ್ಮಸ್ಸಿನ ಹುಡುಗರಿಗೆ: ಬೂಟ್‌ಲೋಡರ್ ತೆರೆದ ಕ್ಷಣದಲ್ಲೇ ಎಲ್ಲ ಅಳಿಸುತ್ತದೆ, ಆಮೇಲೆ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಮನೆಯಲ್ಲಿ ಅಪ್ಪನ ಫೋನಿನ ಮೇಲೆ ಪ್ರಯೋಗ ಬೇಡ.

7. ಮತ್ತೆ ಕಟ್ಟುವುದು

ಇಲ್ಲಿ ಕ್ರಮ ಮುಖ್ಯ.

ಸಿಮ್ ಮೊದಲು ಹಾಕಿ, ರೇಂಜ್ ಇರುವ ಕಡೆ ಕೂತುಕೊಳ್ಳಿ. ಗುಡ್ಡದ ಬುಡದ ಮನೆಯವರು ತೋಟದ ಮೇಲಿನ ಬದಿಗೋ, ರಸ್ತೆಯ ಬದಿಗೋ ಹೋಗಬೇಕಾದೀತು. ಗಡಿಯ ಹತ್ತಿರದವರ ಫೋನು ಒಮ್ಮೊಮ್ಮೆ ಆಚೆ ಕರ್ನಾಟಕದ ಟವರ್ ಹಿಡಿಯುತ್ತದೆ. ಒಟಿಪಿ ತಡವಾಗುತ್ತಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕಂಪನಿಯನ್ನು ಕೈಯಾರೆ ಆರಿಸಿ ನೋಡಿ.

ಸ್ವಾಗತದ ಪುಟದಲ್ಲಿ ‘ಸ್ಕಿಪ್’ ಒತ್ತಬೇಡಿ. ‘ಆಮೇಲೆ ಮಾಡೋಣ’ ಅಂತ ದಾಟಿಸಿದವರೇ ಹೆಚ್ಚು, ಆಮೇಲೆ ಬ್ಯಾಕಪ್ ಎಲ್ಲಿ ಅಂತ ಕೇಳುವವರೂ ಅವರೇ. ಅದೇ ಗೂಗಲ್ ಅಕೌಂಟ್ ಹಾಕಿ, ಹಳೆಯ ಬ್ಯಾಕಪ್ ಆರಿಸಿ, ಹಳೆಯ ಸ್ಕ್ರೀನ್ ಲಾಕ್ ಕೊಡಿ. ಒಂದು ವಿಷಯ: ಹೊಸ ಆಂಡ್ರಾಯ್ಡ್‌ನಲ್ಲಿ ತೆಗೆದ ಬ್ಯಾಕಪ್ ಹಳೆಯ ಆಂಡ್ರಾಯ್ಡ್‌ಗೆ ಬರುವುದಿಲ್ಲ. ಅಂಗಡಿಯವರು ಹಳೆಯ ಆವೃತ್ತಿ ಹಾಕಿದ್ದರೆ ಮೊದಲು ಅಪ್‌ಡೇಟ್ ಮಾಡಿ.

ಆ್ಯಪ್‌ಗಳೆಲ್ಲ ಇಳಿದು ಮುಗಿಯುವ ತನಕ ಕಾಯಿರಿ. ಆಮೇಲೆ ವಾಟ್ಸಾಪ್. ನಂಬರ್ ಕೊಟ್ಟು, ಒಟಿಪಿ ಬಂದ ಮೇಲೆ ಅದು ‘ಬ್ಯಾಕಪ್ ಸಿಕ್ಕಿದೆ, ಮರಳಿ ತರಲಾ?’ ಅನ್ನುತ್ತದೆ. ಆ ಪುಟ ಆ ಒಂದು ಸಲವೇ ಬರುವುದು. ‘ರಿಸ್ಟೋರ್’ ಒತ್ತಿ. ಬ್ಯಾಕಪ್ ಸಿಗಲಿಲ್ಲ ಅಂದರೆ ಮುಂದೆ ಹೋಗಬೇಡಿ, ಗೂಗಲ್ ಅಕೌಂಟ್ ಸರಿಯಾದದ್ದಾ ನೋಡಿ, ಆ್ಯಪ್ ತೆಗೆದು ಪುನಃ ಹಾಕಿ. ಒಟಿಪಿ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದರೆ ಕಾಯುವ ಹೊತ್ತು ಉದ್ದ ಆಗುತ್ತಾ ಹೋಗುತ್ತದೆ.

ಯುಪಿಐ ಮಾಡುವಾಗ ಎರಡು ಸಿಮ್ ಇದ್ದರೆ ಬ್ಯಾಂಕಿನ ನಂಬರ್ ಯಾವ ಸಿಮ್ ಅಂತ ಸರಿಯಾಗಿ ಆರಿಸಿ. ಎಸ್ಸೆಮ್ಮೆಸ್ ಇಲ್ಲದ ಡೇಟಾ ಪ್ಯಾಕ್ ಮಾತ್ರ ಹಾಕಿದ್ದರೆ ಆ ಒಂದು ಎಸ್ಸೆಮ್ಮೆಸ್ ಹೋಗುವುದೇ ಇಲ್ಲ, ಆ್ಯಪ್ ಸುಮ್ನೆ ತಿರುಗುತ್ತಾ ಇರುತ್ತದೆ. ಜನ ಆ್ಯಪ್‌ಗೆ ಬೈಯುತ್ತಾರೆ, ತಪ್ಪು ರೀಚಾರ್ಜಿನದ್ದು. ಈ ಹೊತ್ತಿನಲ್ಲಿ ‘ಸಹಾಯವಾಣಿ’ ಅಂತ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಇಟ್ಟುಬಿಡಿ.

ಬ್ಯಾಂಕ್ ಆ್ಯಪ್, ಅಥೆಂಟಿಕೇಟರ್, ಲೈಸೆನ್ಸ್ ಕೀ ಇರುವವು ಕೊನೆಗೆ. ಪಟ್ಟಿಯಲ್ಲಿ ಒಂದೊಂದಕ್ಕೂ ಟಿಕ್ ಹಾಕುತ್ತಾ ಬನ್ನಿ.

ಫಾರ್ಮ್ಯಾಟ್ ಆಗಿಹೋಗಿದೆ ಅನ್ನುವವರಿಗೆ

ಲೇಖನ ತಡವಾಗಿ ಸಿಕ್ಕಿತು ಅಂತ ಬೇಸರ ಬೇಡ, ದಾರಿಗಳಿವೆ.

ಜಿಮೇಲ್ ಪಾಸ್‌ವರ್ಡ್ ಮರೆತಿದ್ದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟವನ್ನು ನಿಮ್ಮ ಮನೆಯ ವೈಫೈಯಿಂದ, ಹಿಂದೆ ಆ ಅಕೌಂಟ್ ಬಳಸಿದ ಕಂಪ್ಯೂಟರಿನಿಂದ ತೆರೆಯಿರಿ. ಗುರುತು ಸಿಗುವ ಜಾಗದಿಂದ ಕೇಳಿದರೆ ಗೂಗಲ್ ಬೇಗ ನಂಬುತ್ತದೆ. ಎಫ್‌ಆರ್‌ಪಿ ಬೀಗಕ್ಕೆ ಫೋನು ಕೊಂಡ ಬಿಲ್ ಹಿಡಿದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ. ಬೀಗ ಒಡೆದು ಕೊಡುವ ವಿಡಿಯೋಗಳನ್ನು ನಂಬಿ ಅಪರಿಚಿತ ಆ್ಯಪ್ ಹಾಕಬೇಡಿ.

ಲೈಸೆನ್ಸ್ ಎಣಿಕೆ ಮುಗಿದಿದ್ದರೆ ಕಂಪನಿಗೆ ಇಮೇಲ್ ಬರೆಯಿರಿ: ಕೊಂಡ ತಾರೀಕು, ಆರ್ಡರ್ ನಂಬರ್, ಕೊಂಡಾಗ ಕೊಟ್ಟ ಇಮೇಲ್, ‘ಅದೇ ಫೋನನ್ನು ರೀಸೆಟ್ ಮಾಡಿದ್ದೇನೆ, ಹಳೆಯ ಡಿವೈಸ್ ತೆಗೆದುಬಿಡಿ’ ಎಂಬ ಒಂದು ಸಾಲು. ಇಷ್ಟು ವಿವರ ಇದ್ದರೆ ಹೆಚ್ಚಿನವರು ಬಿಡಿಸಿಕೊಡುತ್ತಾರೆ. ಬರೀ ‘ಆ್ಯಪ್ ಕೆಲಸ ಮಾಡುವುದಿಲ್ಲ’ ಅಂತ ಬರೆದರೆ ಮರುಪ್ರಶ್ನೆಗಳಲ್ಲೇ ವಾರ ಕಳೆಯುತ್ತದೆ.

ಯುಪಿಐ ಲೈಟ್‌ನಲ್ಲಿ ದುಡ್ಡು ಉಳಿದುಹೋಗಿದ್ದರೆ ಅದೇ ಆ್ಯಪ್‌ನ ಸಹಾಯ ವಿಭಾಗದಲ್ಲೂ ನಿಮ್ಮ ಬ್ಯಾಂಕಿನಲ್ಲೂ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಂದ್ ಆದ ಗಲ್ಫ್ ನಂಬರಿನ ವಾಟ್ಸಾಪ್‌ಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಆ ದೇಶದಲ್ಲಿ ಈಗಲೂ ಇರುವ ನಂಟರ ಮೂಲಕ ಅದೇ ನಂಬರಿನ ಸಿಮ್ ನಿಮ್ಮ ಹೆಸರಿಗೆ ಮತ್ತೆ ಸಿಗುತ್ತದಾ ಅಂತ ವಿಚಾರಿಸಬಹುದು. ಸಿಗದಿದ್ದರೆ ಊರಿನ ನಂಬರಿನಲ್ಲಿ ಹೊಸದಾಗಿ ಶುರು ಮಾಡಿ, ಹಳೆಯ ನಂಬರನ್ನು ಗುಂಪುಗಳಿಂದ ತೆಗೆಯಲು ಅಡ್ಮಿನ್‌ಗಳಿಗೆ ಹೇಳಿ. ಆ ನಂಬರ್ ಮುಂದೆ ಇನ್ಯಾರಿಗೋ ಸಿಕ್ಕಿದರೆ ನಿಮ್ಮ ಕುಟುಂಬದ ಗುಂಪಿನಲ್ಲಿ ಅದು ಉಳಿದಿರಬಾರದು.